ಬಳ್ಳಾರಿ ಸೀಮೆಯಲ್ಲಿ ಕಲೆಗೆ ಹಣ ಕೊಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬಳ್ಳಾರಿಯ ಜೀನ್ಸ್ ಉದ್ಯಮಿಗಳು, ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರು, ಕುರುಗೋಡು ಕಡೆಯ ಮೆಣಸಿನಕಾಯಿ ವ್ಯಾಪಾರಸ್ಥರು, ಗಣಿ ಮತ್ತು ಉಕ್ಕಿನ ಕಂಪನಿಗಳಲ್ಲಿ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ನೋಡಿಕೊಳ್ಳುವ ಅಧಿಕಾರಿಗಳು, ಜಿಲ್ಲಾ ಖನಿಜ ಪ್ರತಿಷ್ಠಾನದ ಸಭೆಯಲ್ಲಿ ಕೂರುವವರು, ಈ ಪತ್ರ ನಿಮ್ಮೆಲ್ಲರಿಗೆ. ಜಾತ್ರೆಗೆ, ಉತ್ಸವಕ್ಕೆ, ನಾಟಕಕ್ಕೆ ಎಂದು ರಸೀದಿ ಪುಸ್ತಕ ಹಿಡಿದು ಬಂದವರನ್ನು ನೀವು ಬರಿಗೈಯಲ್ಲಿ ಕಳಿಸಿದವರಲ್ಲ. ಅದನ್ನು ನೋಡಿಯೇ ನಿಮಗೆ ಬರೆಯುತ್ತಿದ್ದೇನೆ.

ನಾನು ಕುರುಗೋಡಿನವನು, ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತನಾದವನು. ಬುಡ್ಗ ಜಂಗಮರ, ಸಿಳ್ಳೇಕ್ಯಾತರ, ಸಿಂದೊಳ್ಳರ, ಸುಡುಗಾಡು ಸಿದ್ಧರ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದಾರೆ. ಸುಗ್ಗಿ ಬಂದಾಗ ಅವರು ಅಪ್ಪ ಅವ್ವನ ಜೊತೆ ಊರೂರು ಹೊರಡುತ್ತಿದ್ದರು. ಕೆಲವರು ಮರಳಿ ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದಿರುವ ಆ ತಿಂಗಳುಗಳಲ್ಲಿ ಅವರ ಪೈಕಿ ಒಬ್ಬೊಬ್ಬರೂ ಸಾವಿರಾರು ಸಾಲಿನ ಕಥೆಯನ್ನು ಕಿವಿಯಿಂದಲೇ ಕಲಿಯುತ್ತಿದ್ದರು. ನಮ್ಮ ಶಾಲೆಗಳಲ್ಲಿ ಅದನ್ನು ಕಲಿಸುವವರು ಯಾರೂ ಇರಲಿಲ್ಲ.

ನನಗೆ ಹೇಳಬೇಕಾದದ್ದು ಇಷ್ಟು: ಈ ಅಲೆಮಾರಿ ಸಮುದಾಯಗಳ ಕಲೆಗೆ ಒಂದು ದಿನದ ವೇದಿಕೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಮೂರು ವರ್ಷವಾದರೂ ಜೊತೆಗೆ ನಿಲ್ಲುವಂಥ ಹಣ ಕೊಡಿ, ಮತ್ತು ಆ ಹಣ ಯಾವುದಕ್ಕೆ ಹೋಗಬೇಕೆಂದು ಅವರೇ ಕೂತು ತೀರ್ಮಾನಿಸಲಿ.

ಉತ್ಸವದ ರಾತ್ರಿಯನ್ನು ನೀವು ಮುಂದಿನ ಸಾಲಿನ ಸೋಫಾದಿಂದ ನೋಡಿದ್ದೀರಿ. ವೇದಿಕೆಯ ಹಿಂದೆ ಏನಾಗುತ್ತದೆಂದು ನಾನು ಹೇಳುತ್ತೇನೆ. ಬೆಳಗಿನ ಮೆರವಣಿಗೆಗೆಂದು ಕಲಾತಂಡ ಎಂಟು ಗಂಟೆಗೇ ಬಂದಿರುತ್ತದೆ. ಬಿಸಿಲಲ್ಲಿ ಊರು ಸುತ್ತಿ, ಊಟದ ಕೂಪನ್ನಿಗೆ ಸಾಲು ನಿಂತು, ಸಂಜೆಯ ತನಕ ಶಾಮಿಯಾನದ ಮೂಲೆಯಲ್ಲಿ ಕಾಯುತ್ತದೆ. ಅಷ್ಟರಲ್ಲಿ ಸಿನಿಮಾ ಹಾಡುಗಾರರ ಮೈಕು ಪರೀಕ್ಷೆ ಶುರುವಾಗುತ್ತದೆ. ಗಣ್ಯರ ಭಾಷಣ ಲಂಬಿಸಿದಷ್ಟೂ ಜನಪದದವರ ಸಮಯ ಕುಗ್ಗುತ್ತದೆ. ಕೊನೆಗೆ ಸಿಗುವುದು ಹತ್ತು ನಿಮಿಷ, ಒಂದು ಶಾಲು, ಒಂದು ನೆನಪಿನ ಕಾಣಿಕೆ. ಸಂಭಾವನೆ ಖಾತೆಗೆ ಬರುತ್ತದೆ ಎನ್ನುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಸರಿಯಾಗಿ ಮೂಡಿಲ್ಲವೆಂಬ ಕಾರಣಕ್ಕೆ ತಿಂಗಳುಗಟ್ಟಲೆ ಕಾದವರು ನನಗೆ ಗೊತ್ತು. ಆ ತನಕ ಬಂದು ಹೋದ ಬಸ್ ಚಾರ್ಜು ಅವರ ಕೈಯಿಂದಲೇ.

ಬುಡ್ಗ ಜಂಗಮರ ಬುರ್ರಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಲಾಗದು. ಮುಖ್ಯ ಕಥೆಗಾರ್ತಿ ಹೆಗಲಿಗೆ ತಂಬೂರಿ ಏರಿಸಿ, ಪಕ್ಕದಲ್ಲಿ ಇಬ್ಬರು ಗುಮ್ಮಟೆ ಹಿಡಿದು ನಿಂತರೆ ದೇವರ ಸ್ತುತಿಗೇ ಅಷ್ಟು ಹೊತ್ತು ಬೇಕು. ಆಮೇಲೆ ಕಥೆ ನಿಧಾನವಾಗಿ ಏಳುತ್ತದೆ. ಒಂದು ಸಾಲು ಹಾಡು, ಒಂದು ಸಾಲು ಮಾತು. ಗುಮ್ಮಟೆಯವರು ಸೊಲ್ಲು ಎತ್ತಿಕೊಳ್ಳುತ್ತಾರೆ, ನಡುವೆ ಪ್ರಶ್ನೆ ಕೇಳುತ್ತಾರೆ, ಕಥೆಗಾರ್ತಿ ಅದಕ್ಕೆ ಉತ್ತರ ಕೊಡುತ್ತ ಕಥೆಯನ್ನು ಬೇರೊಂದು ಕವಲಿಗೆ ಒಯ್ಯುತ್ತಾಳೆ. ಕೇಳುವವರು ಕನ್ನಡದವರಾದರೆ ಕನ್ನಡ, ತೆಲುಗಿನವರಾದರೆ ತೆಲುಗು, ಎರಡೂ ಬಲ್ಲ ಗಡಿಯ ಊರಾದರೆ ಎರಡೂ ಹೆಣೆದುಕೊಂಡು ಹೋಗುತ್ತದೆ. ಹೆರಿಗೆಯ ನೋವಿನ ಕಡೆಗೆ, ಸವತಿಯ ಸಂಕಟದ ಕಡೆಗೆ ಬಂದಾಗ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಿಯೇ ಆಕೆ ಆ ಭಾಗವನ್ನು ಎಷ್ಟು ಬೆಳೆಸಬೇಕೆಂದು ತೀರ್ಮಾನಿಸುತ್ತಾಳೆ. ಒಂದು ಕಥೆ ಮುಗಿಯಲು ರಾತ್ರಿಯೆಲ್ಲ ಬೇಕು, ಕೆಲವಕ್ಕೆ ಹಲವು ರಾತ್ರಿ.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರನ್ನು ನೀವು ಮರೆತಿರಲಾರಿರಿ. ಬುಡ್ಗ ಜಂಗಮ ಸಮುದಾಯದ ಆ ತಾಯಿ ಅಕ್ಷರ ಕಲಿತವರಲ್ಲ. ಕುಮಾರರಾಮನಿಂದ ಹಿಡಿದು ಬಾಲನಾಗಮ್ಮನ ತನಕ ಹನ್ನೆರಡು ಮಹಾಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವುಗಳಲ್ಲಿ ಹಲವನ್ನು ಬರೆಸಿಕೊಂಡು ಪುಸ್ತಕವಾಗಿ ತಂದಿತು, 2003ರಲ್ಲಿ ನಾಡೋಜ ಪದವಿ ಕೊಟ್ಟಿತು. ಒಂದು ವಿಶ್ವವಿದ್ಯಾಲಯ ಮಾಡಬಹುದಾದ ದೊಡ್ಡ ಕೆಲಸ ಅದು. 2014ರ ಆಗಸ್ಟ್‌ನಲ್ಲಿ ಈರಮ್ಮ ತೀರಿಕೊಂಡರು. ಪುಸ್ತಕಗಳು ಉಳಿದವು, ಆದರೆ ಆ ಕಥೆಗಳನ್ನು ಅಷ್ಟು ಅಗಲಕ್ಕೆ ಹಾಡಬಲ್ಲ ಮುಂದಿನ ತಲೆಮಾರನ್ನು ಕಟ್ಟಲು, ನಾನು ಕಂಡಂತೆ, ಯಾರ ಹಣವೂ ಬರಲಿಲ್ಲ. ಪುಸ್ತಕ ಮಾಡುವುದಕ್ಕೆ ಒಮ್ಮೆ ಖರ್ಚು ಮಾಡಿದರೆ ಆಯಿತು. ಹಾಡುಗಾರ್ತಿಯನ್ನು ಬೆಳೆಸುವುದಕ್ಕೆ ಹತ್ತಾರು ವರ್ಷ ಒಂದು ಮನೆಯ ಒಲೆ ಆರದಂತೆ ನೋಡಿಕೊಳ್ಳಬೇಕು.

ಹಿಂದೆ ಆ ಒಲೆ ಹೇಗೆ ಉರಿಯುತ್ತಿತ್ತು? ಸಿರುಗುಪ್ಪದ ಗಿರಣಿ ಮಾಲೀಕರು ಇದನ್ನು ಗಮನವಿಟ್ಟು ಕೇಳಬೇಕು. ಹೊಲದಲ್ಲಿ ಕಣ ಇತ್ತು. ರಾಶಿ ಆದ ಹೊತ್ತಿಗೆ ಹೆಳವರು ಬಂದು ಮನೆತನದ ಏಳು ತಲೆಮಾರಿನ ಹೆಸರು ಹೇಳುತ್ತಿದ್ದರು, ಕಥೆಯವರು ಕಥೆ ಹೇಳುತ್ತಿದ್ದರು, ಗೊಂಬೆಯವರು ಆಟ ಆಡಿಸುತ್ತಿದ್ದರು. ರೈತ ಮೊರದಲ್ಲಿ ಕಾಳು ಅಳೆದು ಕೊಡುತ್ತಿದ್ದ. ಅದನ್ನು ಭಿಕ್ಷೆ ಎಂದು ಕರೆಯುವವರಿದ್ದಾರೆ. ನನ್ನ ಮಟ್ಟಿಗೆ ಅದು ದುಡಿಮೆಯ ಪಾಲು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಕಾಲುವೆ ನೀರು ಹರಿದು, ಜೋಳದ ನೆಲ ಭತ್ತದ ಗದ್ದೆಯಾದಾಗಲೂ ಈ ಪಾಲು ಪೂರ್ತಿ ನಿಲ್ಲಲಿಲ್ಲ. ನಿಂತದ್ದು ಕಟಾವು ಯಂತ್ರ ಬಂದ ಮೇಲೆ. ಈಗ ಯಂತ್ರ ಕೊಯ್ದ ಭತ್ತ ಗದ್ದೆಯಿಂದ ನೇರ ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿನಿಂದ ನಿಮ್ಮ ಗಿರಣಿಯ ಅಂಗಳಕ್ಕೆ ಬರುತ್ತದೆ. ನಡುವೆ ಕಣವಿಲ್ಲ, ಮೊರವಿಲ್ಲ, ಹಾಡುವವರು ನಿಲ್ಲುವ ಜಾಗವಿಲ್ಲ. ಇದು ನಿಮ್ಮ ತಪ್ಪೆಂದು ನಾನು ಹೇಳುತ್ತಿಲ್ಲ. ಕಣದಲ್ಲಿ ಅಳೆಯುತ್ತಿದ್ದ ಆ ಪಾಲನ್ನು ಇನ್ನು ಮೇಲೆ ಅಳೆಯಬಹುದಾದ ಜಾಗ ಗಿರಣಿಯೊಂದೇ ಎಂದು ಮಾತ್ರ ಹೇಳುತ್ತಿದ್ದೇನೆ.

ತೊಗಲುಗೊಂಬೆಯವರ ಕಷ್ಟ ಇನ್ನೊಂದು ಬಗೆಯದು. ಸಿಳ್ಳೇಕ್ಯಾತರು ಹಗಲು ಹೊಳೆಯಲ್ಲಿ ಮೀನು ಹಿಡಿದು ರಾತ್ರಿ ಆಟ ಆಡಿಸಿ ಬದುಕಿದವರು. ಮನೆಯಲ್ಲಿ ಮರಾಠಿಗೆ ಹತ್ತಿರದ ಮಾತು, ಪರದೆಯ ಮೇಲೆ ಕನ್ನಡದ ರಾಮಾಯಣ. ಒಂದು ಗೊಂಬೆಗೆ ಏನೇನು ಬೇಕು ನೋಡಿ. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗಾಗುವ ತನಕ ಉಜ್ಜಿ, ಎಳೆದು ಕಟ್ಟಿ ಒಣಗಿಸಬೇಕು. ಆಮೇಲೆ ಗೆರೆ ಎಳೆದು, ಸಣ್ಣ ಉಳಿಯಿಂದ ತೂತು ಹೊಡೆಯುತ್ತಾರೆ. ಪರದೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳೇ ಸೀತೆಯ ಓಲೆ, ರಾವಣನ ಕಿರೀಟದ ಹರಳು. ದೇವರ ಪಾತ್ರಗಳಿಗೆ ಜಿಂಕೆಯ ತೊಗಲೇ ಆಗಬೇಕೆಂಬ ರೂಢಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಎಲ್ಲಕ್ಕೂ ಆಡಿನದೇ. ಮುಪ್ಪಾದ ಗೊಂಬೆಯನ್ನು ಅವರು ಎಸೆಯುವುದಿಲ್ಲ, ಒಳ್ಳೆಯ ದಿನ ನೋಡಿ ಹೊಳೆಗೆ ಬಿಡುತ್ತಾರೆ.

ಈ ಕೊನೆಯ ಮಾತನ್ನು ಬೇಕೆಂದೇ ಹೇಳಿದೆ. ದಾನಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹಳೆಯ ಗೊಂಬೆಗಳನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡೋಣ ಎನ್ನಬಹುದು. ಗೊಂಬೆಯ ಮನೆಯವರು ಇದು ಹೊಳೆಗೆ ಹೋಗಬೇಕಾದದ್ದು ಎನ್ನಬಹುದು, ಅಥವಾ ನಾಲ್ಕನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡುತ್ತೇವೆ, ಅದರ ಬದಲು ಹೊಸದಕ್ಕೆ ತೊಗಲು ಕೊಡಿಸಿ ಎನ್ನಬಹುದು. ಯಾರ ಮಾತು ನಡೆಯಬೇಕು? ಹಣ ಕೊಟ್ಟವರದೇ ನಡೆದರೆ ಅದನ್ನು ಸಹಭಾಗಿತ್ವ ಎಂದು ಫಲಕದಲ್ಲಿ ಬರೆಸಬೇಡಿ.

ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ತೊಗಲುಗೊಂಬೆಯಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದವರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 96ರ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಬಂತು. ಹೆಮ್ಮೆಯ ವಿಷಯವೇ. ಆದರೆ ಗುರುತಿಸುವುದು ಇಷ್ಟು ತಡವಾದರೆ, ಕಲಿಯುವ ವಯಸ್ಸಿನ ಮೊಮ್ಮಕ್ಕಳು ಅಷ್ಟರೊಳಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿಯಾಗಿರುತ್ತದೆ.

ಹಣ ಎಲ್ಲಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ವ್ಯಾಪ್ತಿಗೆ ಬರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಾಂಪ್ರದಾಯಿಕ ಕಲೆಗಳ ಪೋಷಣೆ ಎಂದು ಸ್ಪಷ್ಟವಾಗಿ ಬರೆದಿದೆ. ಕಾನೂನು ಅಡ್ಡ ಬರುತ್ತದೆ ಎನ್ನುವ ಹಾಗಿಲ್ಲ. ಜಿಲ್ಲಾ ಖನಿಜ ಪ್ರತಿಷ್ಠಾನದ ಮಾತು ಬೇರೆ. 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಶೇ. 70ರಷ್ಟು ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ ಮುಂತಾದವಕ್ಕೆ ಹೋಗಬೇಕು, ಕಲೆಯ ಹೆಸರು ಅದರಲ್ಲಿಲ್ಲ. ಆದರೆ ಗುಮ್ಮಟೆ ನುಡಿಸುವುದು, ಗೊಂಬೆ ಕೊರೆಯುವುದು ಕೌಶಲವಲ್ಲವೆಂದು ಯಾರು ಹೇಳಿದರು? ಹೊಲಿಗೆ ಯಂತ್ರದ ತರಬೇತಿಗೆ ಮಂಜೂರಾಗುವ ಶಿರೋನಾಮೆಯಲ್ಲೇ ಇದೂ ಕೂರುತ್ತದೆ, ಕೂರಿಸುವ ಮನಸ್ಸು ಬೇಕು.

ಸರ್ಕಾರದ ಕಡೆಯಿಂದಲೂ ಹಣವಿದೆ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗೆ 2013ರಲ್ಲಿ ಕಾಯ್ದೆಯೇ ಆಯಿತು. ತೊಡಕು ಇರುವುದು ಹಣ ಇವರ ತನಕ ಬರುವ ದಾರಿಯಲ್ಲಿ. ಬುಡ್ಗ ಜಂಗಮರು, ಸಿಳ್ಳೇಕ್ಯಾತರು, ಸಿಂದೊಳ್ಳರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಆದ್ದರಿಂದ ಬುಡಕಟ್ಟಿನ ಹೆಸರಿನಲ್ಲಿ ಬರುವ ಹಣ ಇವರದ್ದಾಗುವುದಿಲ್ಲ. ಪರಿಶಿಷ್ಟ ಜಾತಿಯ ಹಣಕ್ಕೆ ದೊಡ್ಡ ಸಮುದಾಯಗಳ ಜೊತೆ ಸ್ಪರ್ಧಿಸುವ ಶಕ್ತಿ ಇವರಿಗಿಲ್ಲ. ಒಳಮೀಸಲಾತಿಯ ವಿಷಯದಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 59 ಅಲೆಮಾರಿ ಜಾತಿಗಳಿಗೆ ಪ್ರತ್ಯೇಕವಾಗಿ ಶೇ. 1 ಇಡಿ ಎಂದಿತ್ತು. 2025ರ ಆಗಸ್ಟ್‌ನಲ್ಲಿ ಸರ್ಕಾರ ಆ ಜಾತಿಗಳನ್ನು ಶೇ. 5ರ ದೊಡ್ಡ ಗುಂಪಿಗೆ ಸೇರಿಸಿತು, ಇವರು ಬೀದಿಗಿಳಿದರು.

ಇನ್ನು ಪ್ರಮಾಣಪತ್ರದ ಪಾಡು. ಬೇಡ ಜಂಗಮ, ಬುಡ್ಗ ಜಂಗಮ ಎಂಬ ಹೆಸರಿನಲ್ಲಿ ಆ ಸಮುದಾಯಕ್ಕೆ ಸೇರದವರೂ ಪ್ರಮಾಣಪತ್ರ ಪಡೆಯುತ್ತಿದ್ದಾರೆಂಬ ವಿವಾದ ನಮ್ಮ ಭಾಗದಲ್ಲಿ ಹಳೆಯದು, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು. ಅದರ ಪೆಟ್ಟು ಬಿದ್ದದ್ದು ನಿಜವಾದ ಅಲೆಮಾರಿಗಳಿಗೆ. ಅಧಿಕಾರಿಗಳು ಎಲ್ಲರನ್ನೂ ಅನುಮಾನದಿಂದ ನೋಡುತ್ತಾರೆ. ತಂದೆಯ ಶಾಲಾ ದಾಖಲೆ ತನ್ನಿ ಎನ್ನುತ್ತಾರೆ. ತಂದೆ ಶಾಲೆಯ ಬಾಗಿಲನ್ನೇ ನೋಡಿಲ್ಲ. ಮೇಲೆ ಸಂಘದ ನೋಂದಣಿ, ಲೆಕ್ಕಪರಿಶೋಧನೆಯ ವರದಿ, ಹಿಂದಿನ ಕಾರ್ಯಕ್ರಮಗಳ ಫೋಟೋ. ಇವನ್ನೆಲ್ಲ ಒದಗಿಸಬಲ್ಲವರು ಪಟ್ಟಣದ ಸಾಂಸ್ಕೃತಿಕ ಸಂಘಗಳವರು. ಹಾಗಾಗಿ ಅಲೆಮಾರಿ ಕಲೆಯ ಹೆಸರಿನ ಅನುದಾನ ಎಷ್ಟೋ ಸಲ ಅಲೆಮಾರಿಗಳ ಹೆಸರೇ ಇಲ್ಲದ ಸಂಘದ ಖಾತೆಗೆ ಬೀಳುತ್ತದೆ. ಅಲ್ಲಿಂದ ಒಂದಿಷ್ಟು ಕಲಾವಿದರ ಕೈಗೆ ಜಿನುಗುತ್ತದೆ.

ನೀವು ಸರ್ಕಾರವಲ್ಲ. ಆ ಕಾಗದಗಳನ್ನೆಲ್ಲ ಕೇಳಲೇಬೇಕೆಂಬ ಕಟ್ಟು ನಿಮಗಿಲ್ಲ. ಕೆನಡಾದ ಕಲಾ ಮಂಡಳಿ 2017ರಿಂದ ಅಲ್ಲಿನ ಮೂಲನಿವಾಸಿಗಳ ಕಲೆಗೆಂದೇ ಪ್ರತ್ಯೇಕ ಯೋಜನೆ ನಡೆಸುತ್ತಿದೆ. ಅರ್ಜಿ ತೂಗಿ ನೋಡುವವರು ಅದೇ ಸಮುದಾಯಗಳ ಕಲಾವಿದರು. ಅರ್ಜಿ ಬರೆಯಲು ಇನ್ನೊಬ್ಬರ ನೆರವು ಬೇಕಾದರೆ ಅದರ ಖರ್ಚಿಗೂ ಅಲ್ಲಿ ದಾರಿಯಿದೆ. ಅಷ್ಟು ದೂರ ಹೋಗುವುದೂ ಬೇಡ. ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರ ಹೆಸರಿಗೆ ಪದ್ಮಶ್ರೀ ಬಂತು. ಕೊಡ ಹೊತ್ತು ಬೀದಿಯಲ್ಲಿ ಕುಣಿದು ಹೊಟ್ಟೆ ಹೊರೆದವರು ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂತದ್ದನ್ನು ನಮ್ಮ ತಾಲ್ಲೂಕು ಕಣ್ಣಾರೆ ಕಂಡಿದೆ. ನಿಮ್ಮ ಸಿಎಸ್‌ಆರ್ ಹಣದ ಮಾತುಕತೆ ನಡೆಯುವ ಕಡೆ ಒಬ್ಬ ಕಥೆಗಾರ್ತಿಗೆ, ಒಬ್ಬ ಗೊಂಬೆಯವರಿಗೆ ಕುರ್ಚಿ ಹಾಕಲು ಅಡ್ಡಿ ಏನು?

ನಿಮ್ಮ ಹಣ ಹೋಗಬಹುದಾದ ಇನ್ನೊಂದು ಕಡೆ, ವಿನಿಮಯದ ಮಾತಿಗೆ ಬರುತ್ತೇನೆ. ಸಾಂಸ್ಕೃತಿಕ ವಿನಿಮಯ ಎಂದಾಗ ನೀವು ದೆಹಲಿಯ ಕಡೆ, ವಿದೇಶದ ಕಡೆ ನೋಡುತ್ತೀರಿ. ನಮಗೆ ಮೊದಲು ಬೇಕಾದ ವಿನಿಮಯ ಇಲ್ಲೇ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕಥೆಗಾರರ ನೆಂಟಸ್ತನ, ತಿರುಗುವ ದಾರಿ, ಕಥೆಯ ಹೀರೋಗಳು ಎಲ್ಲ ಗಡಿಯ ಎರಡೂ ಬದಿಗೆ ಹರಡಿದ್ದವು. ಈಗ ಒಂದೇ ಕುಟುಂಬದ ಅಕ್ಕ ಒಂದು ರಾಜ್ಯದ ಕಲಾವಿದೆ, ತಂಗಿ ಇನ್ನೊಂದು ರಾಜ್ಯದವಳು. ಜಾತಿ ಪ್ರಮಾಣಪತ್ರ ಗಡಿ ದಾಟಿದರೆ ನಡೆಯುವುದಿಲ್ಲ, ಮಾಸಾಶನ ದಾಟುವುದಿಲ್ಲ. ವರ್ಷಕ್ಕೊಮ್ಮೆ ಸಿರುಗುಪ್ಪದಲ್ಲಿ ಈ ಎರಡೂ ಕಡೆಯ ಕಥೆಗಾರರು ಒಂದು ವಾರ ಕೂಡಿ ಕೂರಲಿ. ಪ್ರೇಕ್ಷಕರಿಗಾಗಿ ಬೇಡ. ಒಬ್ಬರಿಗೆ ಮರೆತ ಭಾಗವನ್ನು ಇನ್ನೊಬ್ಬರು ಹೇಳಿಕೊಡಲಿ, ಮಕ್ಕಳು ಪಕ್ಕದಲ್ಲಿರಲಿ. ಊಟ, ವಸತಿ, ಬಸ್ ಚಾರ್ಜು, ಆ ವಾರ ಕಳೆದುಕೊಂಡ ಕೂಲಿ, ಇಷ್ಟಕ್ಕೆ ಬೇಕಾದ ಹಣ ನಿಮ್ಮ ಒಂದು ರಾತ್ರಿಯ ವೇದಿಕೆಯ ದೀಪಾಲಂಕಾರಕ್ಕಿಂತ ಹೆಚ್ಚಾಗಲಾರದು.

ಜೊತೆಗೂಡಿ ದುಡಿದರೆ ಏನಾಗುತ್ತದೆಂಬುದಕ್ಕೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳಿದ್ದಾರೆ. ಸಂಡೂರು ಕುಶಲ ಕಲಾ ಕೇಂದ್ರ ದಶಕಗಳ ಕಾಲ ಅವರ ಕಸೂತಿಯ ಜೊತೆ ನಿಂತಿತು. 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 1,755 ಕಸೂತಿ ಕೃತಿಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಆ ದಾಖಲೆಯ ಹಿಂದೆ ವರ್ಷಗಳ ಸದ್ದಿಲ್ಲದ ಕೆಲಸವಿದೆ. ಬುರ್ರಕಥೆಗೆ, ಗೊಂಬೆಯಾಟಕ್ಕೆ ಅಂಥ ಒಂದು ಮನೆ ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಊರಲ್ಲಿ ಎಲ್ಲೂ ಇಲ್ಲ. ಸಂಗನಕಲ್ಲಿನ ಶಿಲಾಯುಗದ ಕಲ್ಲಿಗೆ ಬಳ್ಳಾರಿಯಲ್ಲಿ ಒಳ್ಳೆಯ ವಸ್ತುಸಂಗ್ರಹಾಲಯ ಕಟ್ಟಿದ್ದೇವೆ, ಅದು ಬೇಕಾದದ್ದೇ. ಉಸಿರಾಡುತ್ತಿರುವ ಕಲೆಗೆ ಒಂದು ತಗಡಿನ ಚಾವಣಿಯೂ ಇಲ್ಲ.

ಧ್ವನಿಮುದ್ರಣದ ಬಗ್ಗೆ ಒಂದು ಕರಾರು ಬರೆದುಕೊಳ್ಳಿ. ಬರುವವರು ಬರುತ್ತಾರೆ, ಮೊಬೈಲ್ ಎತ್ತಿ ಹಿಡಿದು ರಾತ್ರಿಯೆಲ್ಲ ಹಾಡಿಸಿಕೊಂಡು ಹೋಗುತ್ತಾರೆ. ನಂತರ ಆ ಹಾಡು ಯೂಟ್ಯೂಬಿನಲ್ಲಿ ಯಾರದೋ ಹೆಸರಿನಲ್ಲಿ ಓಡುತ್ತಿರುತ್ತದೆ. ನಿಮ್ಮ ಹಣದಿಂದ ಮುದ್ರಿಸಿದ್ದರ ಹಕ್ಕು ಹಾಡಿದವರ ಕುಟುಂಬಕ್ಕಿರಲಿ, ಒಂದು ಪ್ರತಿ ಅವರ ಕೇರಿಯ ಶಾಲೆಯಲ್ಲಿರಲಿ, ಬಳಸಿದವರು ಅವರನ್ನು ಕೇಳಿ, ಹಣ ಕೊಟ್ಟು ಬಳಸಲಿ.

ಇಷ್ಟು ಹೇಳಿದಾಗ ನಿಮ್ಮಲ್ಲಿ ಕೆಲವರು, ಕುಡಿಯುವ ನೀರಿಗೇ ಹಣ ಸಾಲದಿರುವಾಗ ಹಾಡಿಗೆ ಯಾಕೆ ಎನ್ನಬಹುದು. ಉತ್ಸವಕ್ಕೆ ಕೊಡುವಾಗ ಈ ಪ್ರಶ್ನೆಯನ್ನು ನೀವು ಕೇಳಿಕೊಂಡಿರಲಿಲ್ಲ ಎಂದಷ್ಟೇ ಅದಕ್ಕೆ ನನ್ನ ಉತ್ತರ. ಇದಕ್ಕಿಂತ ಭಾರವಾದ ಪ್ರಶ್ನೆ ಆ ಸಮುದಾಯದ ಓದಿದ ಹುಡುಗರಿಂದಲೇ ಬರುತ್ತದೆ. ಊರೂರು ತಿರುಗಿ ಕೈಚಾಚಿದ ಅವಮಾನ ನಮ್ಮ ಹಿರಿಯರಿಗೇ ಸಾಕು, ಮತ್ತೆ ನಮ್ಮನ್ನು ಅದೇ ಕಸುಬಿಗೆ ಏಕೆ ಕಟ್ಟುತ್ತೀರಿ ಎಂದು ಅವರು ಕೇಳುತ್ತಾರೆ. ಅವರು ಕೇಳುವುದು ನ್ಯಾಯ. ಯಾವ ಮಗುವೂ ಹಾಡಿಗಾಗಿ ಶಾಲೆ ಬಿಡಬಾರದು. ಹಾಡುವ ಅಜ್ಜಿಗೆ ಶಾಲೆಯಲ್ಲೇ ಸಂಬಳ ಕೊಟ್ಟು ಕೂರಿಸಿದರೆ ಮೊಮ್ಮಗಳು ಶಾಲೆ ಬಿಡಬೇಕಾಗಿಲ್ಲ. ವಾರಕ್ಕೆರಡು ದಿನ ಅಜ್ಜಿ ಬಂದು ಕಥೆ ಕಲಿಸಲಿ, ಎಲ್ಲ ಜಾತಿಯ ಮಕ್ಕಳೂ ಆ ಅಜ್ಜಿಯನ್ನು ಮೇಡಂ ಎಂದು ಕರೆಯಲಿ. ಕಲಿಯಲು ಮನಸ್ಸಿಲ್ಲದ ಮಗು ಕಂಪ್ಯೂಟರ್ ಕಲಿಯಲಿ, ಎಂಜಿನಿಯರಾಗಲಿ. ಆ ಮನೆಗೆ ನಿಮ್ಮ ನೆರವು ನಿಲ್ಲಬಾರದು.

ಈಗ ಆಗಬೇಕಾದ ಕೆಲಸ ಒಂದಿದೆ. ಬರುವ ಸುಗ್ಗಿಗೆ ಅವರು ಊರು ಬಿಡುವ ಮುಂಚೆ ನಿಮ್ಮಲ್ಲಿ ಐದಾರು ಜನವಾದರೂ ಒಟ್ಟಾಗಿ ಅವರ ಕೇರಿಗೆ ಬನ್ನಿ. ಸಭೆಯನ್ನು ನಿಮ್ಮ ಕಚೇರಿಯಲ್ಲೋ ಹೋಟೆಲಿನಲ್ಲೋ ಕರೆಯಬೇಡಿ. ಅಲ್ಲಿ ಅವರು ಬಾಯಿ ಬಿಡುವುದಿಲ್ಲ. ಕೂಲಿಗೆ, ಮೀನಿಗೆ ಹೋದವರು ಮನೆ ಸೇರುವ ಹೊತ್ತಿಗೆ, ರಾತ್ರಿ ಏಳರ ಮೇಲೆ ಬನ್ನಿ. ಹೆಂಗಸರನ್ನು ಕೂರಿಸಿಕೊಂಡೇ ಮಾತು ಶುರು ಮಾಡಿ, ಏಕೆಂದರೆ ಹಾಡಿನ ಬಹುಪಾಲು ಅವರ ಬಾಯಲ್ಲಿದೆ. ಕ್ಯಾಮೆರಾದವರನ್ನು, ಪತ್ರಿಕೆಯವರನ್ನು ಮೊದಲ ದಿನ ಕರೆತರಬೇಡಿ. ಚೆಕ್ ಕೂಡ ತರಬೇಡಿ. ಏನು ಬೇಕೆಂದು ಕೇಳಿ, ಬರೆದುಕೊಂಡು ಹೋಗಿ, ಹದಿನೈದು ದಿನದೊಳಗೆ ಉತ್ತರ ಹೊತ್ತು ಮತ್ತೆ ಅಲ್ಲಿಗೇ ಬನ್ನಿ. ದಾರಿ ತೋರಿಸಲು, ಅರ್ಜಿ ಬರೆದುಕೊಡಲು, ತೆಲುಗು ಮಾತನ್ನು ಕನ್ನಡಕ್ಕೆ ಹೇಳಲು ನಾನಿದ್ದೇನೆ, ನನ್ನಂಥ ನಿವೃತ್ತ ಮೇಷ್ಟ್ರುಗಳು ಇನ್ನೂ ಕೆಲವರಿದ್ದಾರೆ. ಯಾವ ದಿನ ಬರುತ್ತೀರೆಂದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕ
ಕುರುಗೋಡು